ದಿನಸಿ ಮಳಿಗೆಯೊಳಗೆ ನಾಯಿ ಬೇಡ, ಬಿಸಿಲಿನ ಕಾರಿನೊಳಗಂತೂ ಬೇಡವೇ ಬೇಡ

ಮಾನ್ಯ ಸಂಪಾದಕರೇ,

ಮೊದಲೆಲ್ಲ ಕಿರಾಣಿ ಅಂಗಡಿಯೆಂದರೆ ಗಿರಾಕಿ ಗಲ್ಲೆಯ ಈಚೆ, ಸಾಮಾನು ಆಚೆ. ಚೀಟಿ ಕೊಟ್ಟರೆ ಅಂಗಡಿಯವರೇ ಕಟ್ಟಿಕೊಡುತ್ತಿದ್ದರು. ಹಿಂಬಾಲಿಸಿ ಬಂದ ನಾಯಿ ಮೆಟ್ಟಿಲ ಕೆಳಗೇ ಉಳಿಯುತ್ತಿತ್ತು. ಈಗ ಶಿರಸಿ, ಕುಮಟಾ, ಕಾರವಾರದಲ್ಲೂ ಬುಟ್ಟಿ ಹಿಡಿದು ನಾವೇ ಒಳಹೊಕ್ಕು ಆರಿಸಿಕೊಳ್ಳುವ ಮಳಿಗೆಗಳಿವೆ. ಗಿರಾಕಿಯ ಜೊತೆ ನಾಯಿಯೂ ಅಕ್ಕಿ ಚೀಲದ ಸಾಲಿನವರೆಗೆ ಬರುತ್ತಿದೆ. ರಜೆಯಲ್ಲಿ ಗೋಕರ್ಣ, ಮುರ್ಡೇಶ್ವರದ ಕಡೆ ಹೊರಟ ಕಾರುಗಳಲ್ಲಿ ನಾಯಿ ಇರುವುದೂ ಸಾಮಾನ್ಯವಾಗಿದೆ. ‘ನಮ್ಮದು ಏನೂ ಮಾಡುವುದಿಲ್ಲ’ ಎನ್ನುತ್ತಾರೆ ಸಾಕಿದವರು. ‘ಗಿರಾಕಿಗೆ ಬೇಡ ಎನ್ನುವುದು ಹೇಗೆ’ ಎನ್ನುತ್ತಾರೆ ಅಂಗಡಿಯವರು. ಈ ಎರಡು ಮಾತಿನ ನಡುವೆ ಕಷ್ಟಕ್ಕೆ ಸಿಲುಕುವುದು ಆಹಾರ ಪದಾರ್ಥ ಮತ್ತು ಆ ಪ್ರಾಣಿ. ಪಶುವೈದ್ಯ ವೃತ್ತಿಯ ತಿಳಿವಳಿಕೆಯಿಂದ ಇಬ್ಬರಿಗೂ ಕೆಲವು ಮಾತು ಹೇಳಬೇಕಿದೆ.

ಮೊದಲು ಕಾನೂನು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ 2011ರಲ್ಲಿ ಬಂದ ಪರವಾನಗಿ ಮತ್ತು ನೋಂದಣಿ ನಿಯಮಾವಳಿಗೆ 4ನೇ ಅನುಸೂಚಿ ಎಂಬುದೊಂದಿದೆ. ಆಹಾರ ವ್ಯವಹಾರದ ಜಾಗ ಎಷ್ಟು ಸ್ವಚ್ಛವಿರಬೇಕು ಎಂಬುದೆಲ್ಲ ಅದರಲ್ಲಿದೆ. ಕೀಟ ಮತ್ತು ಇಲಿ ನಿಯಂತ್ರಣದ ಭಾಗದಲ್ಲಿಯೇ ಪ್ರಾಣಿ, ಪಕ್ಷಿ, ಸಾಕುಪ್ರಾಣಿಗಳನ್ನು ಆಹಾರ ಮಳಿಗೆಯ ಆವರಣದೊಳಗೆ ಬಿಡಬಾರದು ಎಂದು ಸ್ಪಷ್ಟವಾಗಿ ಹೇಳಿದೆ. ಲೋಪ ಕಂಡರೆ ಕಾಯ್ದೆಯ 32ನೇ ಕಲಮಿನಡಿ ಸುಧಾರಣಾ ನೋಟಿಸು ಬರುತ್ತದೆ. ಆಮೇಲೂ ತಿದ್ದಿಕೊಳ್ಳದಿದ್ದರೆ ಪರವಾನಗಿ ಅಮಾನತು, ರದ್ದು. ಗೋಡೆಯ ಮೇಲೆ 14 ಅಂಕಿಯ ಪರವಾನಗಿ ಅಥವಾ ನೋಂದಣಿ ಸಂಖ್ಯೆ ತೂಗುಹಾಕಿಕೊಂಡ ಪ್ರತಿ ಅಂಗಡಿಯೂ ಈ ಷರತ್ತಿಗೆ ಒಪ್ಪಿದೆ. ಅಂದಮೇಲೆ ಅಂಗಡಿಯವರು ಸಂಕೋಚಪಡುವ ಕಾರಣವೇ ಇಲ್ಲ. ‘ಇದು ನನ್ನ ಇಷ್ಟಾನಿಷ್ಟದ ಮಾತಲ್ಲ, ಪರವಾನಗಿಯ ಷರತ್ತು’ ಎಂದರೆ ಸಾಕು.

ನಾಯಿ ಒಳಗೆ ಬಂದರೆ ನಿಜಕ್ಕೂ ಆಗುವುದೇನು? ಎಲ್ಲರೂ ಕಚ್ಚುವುದರ ಬಗ್ಗೆ ಮಾತಾಡುತ್ತಾರೆ. ಅದಕ್ಕಿಂತ ಹೆಚ್ಚಾಗಿ ಆಗುವುದು ಮೂತ್ರ. ಗಂಡು ನಾಯಿಗೆ ಹೊಸ ಜಾಗವೆಂದರೆ ಗುರುತು ಹಾಕಬೇಕಾದ ಜಾಗ. ಬೇರೊಂದು ನಾಯಿಯ ವಾಸನೆಯಿದ್ದರೆ ಇನ್ನೂ ಖಚಿತ. ಮನೆಯಲ್ಲಿ ಎಷ್ಟೇ ಶಿಸ್ತಿನ ನಾಯಿಯಾದರೂ ಇಲ್ಲಿ ಕಾಲೆತ್ತಬಹುದು. ಅದು ಕಾಲೆತ್ತುವುದು ನೆಟ್ಟಗೆ ನಿಂತ ವಸ್ತುವಿನ ಮೂಲೆಗೆ, ನೆಲದಿಂದ ಸುಮಾರು 30ರಿಂದ 45 ಸೆಂಟಿಮೀಟರ್ ಎತ್ತರಕ್ಕೆ. ನಮ್ಮ ಮಳಿಗೆಗಳಲ್ಲಿ ಆ ಎತ್ತರದಲ್ಲಿ ಇರುವುದೇನೆಂದು ನೋಡಿ: ಅಕ್ಕಿಯ ಗೋಣಿ, ಅವಲಕ್ಕಿಯ ಚೀಲ, ಬಾಯಿ ತೆರೆದ ಒಣಮೆಣಸಿನ ಮೂಟೆ, ಈರುಳ್ಳಿ ಬುಟ್ಟಿ, ಜೋನಿಬೆಲ್ಲದ ಡಬ್ಬಿಗಳ ಕೆಳಸಾಲು. ಕಾರವಾರ, ಅಂಕೋಲೆಯ ಕಡೆಯಾದರೆ ಒಣಮೀನಿನ ಚೀಲವೂ ಅಲ್ಲೇ. ಅದರ ವಾಸನೆಗೆ ನಾಯಿ ಮೂಗು ತೂರಿಸಿಯೇ ತೀರುತ್ತದೆ. ಪ್ಲಾಸ್ಟಿಕ್ ನೇಯ್ಗೆಯ ಚೀಲದ ಎಳೆಗಳ ನಡುವೆ ಮೂತ್ರ ಒಳಗಿಳಿಯುತ್ತದೆ. ಹೊರಗೆ ಒರೆಸಿದರೆ ಕಲೆ ಹೋಗುತ್ತದೆ, ಒಳಗಿನ ಅಕ್ಕಿ ಹಾಗೆಯೇ ಉಳಿಯುತ್ತದೆ. ಆ ಚೀಲವನ್ನು ಎಸೆಯುವುದಲ್ಲದೆ ಬೇರೆ ದಾರಿಯಿಲ್ಲ. ಕಪಾಟನ್ನು ನೆಲದಿಂದ ಗೇಣೆತ್ತರ ಏರಿಸಿದರೆ ಗುಡಿಸಲು ಅನುಕೂಲ, ಆದರೆ ಕಾಲೆತ್ತುವ ನಾಯಿಗೆ ಅದು ತಡೆಯಲ್ಲ. ಕೆಳಗಿನ ಎರಡು ಸಾಲಿನಲ್ಲಿ ಬಟ್ಟೆ ಸೋಪು, ಬಕೆಟ್ಟು, ಪೊರಕೆಯಂಥವನ್ನಿಟ್ಟು ತಿನ್ನುವ ಪದಾರ್ಥಗಳನ್ನು 60 ಸೆಂಟಿಮೀಟರಿನಿಂದ ಮೇಲಕ್ಕೆ ಒಯ್ಯುವುದು ಒಳ್ಳೆಯದು. ಸಾಕುಪ್ರಾಣಿಯ ಕಾಟ ಇಲ್ಲದ ಅಂಗಡಿಗೂ ಇದರಿಂದ ಲಾಭವಿದೆ, ಇಲಿ ಓಡಾಡುವುದೂ ಹೆಚ್ಚಾಗಿ ನೆಲಕ್ಕೆ ಹತ್ತಿರದಲ್ಲೇ.

ಇಷ್ಟಾದರೂ ಹೊಲಸಾದರೆ ತೊಳೆಯುವ ಕ್ರಮ ಗೊತ್ತಿರಬೇಕು. ಹೆಚ್ಚಿನ ಕಡೆ ಮಾಡುವುದು ಒಂದೇ, ಮೇಲಿನಿಂದ ಫಿನಾಯಿಲ್ ಸುರಿದು ಒದ್ದೆ ಬಟ್ಟೆಯಲ್ಲಿ ಎಳೆಯುವುದು. ಇದರಿಂದ ಹೊಲಸು ಇಡೀ ಸಾಲಿಗೆ ಹರಡುತ್ತದೆ, ವಾಸನೆಯ ಮೇಲೆ ಇನ್ನೊಂದು ವಾಸನೆ ಕೂರುತ್ತದೆ ಅಷ್ಟೇ. ಅಡಿಯ ಗುರುತು ನಾಯಿಯ ಮೂಗಿಗೆ ಸಿಗುತ್ತದೆ, ಮುಂದಿನ ನಾಯಿ ಅಲ್ಲೇ ಕಾಲೆತ್ತುತ್ತದೆ. ಸರಿಯಾದ ಕ್ರಮ ಬೇರೆ. ಆ ಸಾಲಿಗೆ ಜನ ಬಾರದಂತೆ ಎರಡೂ ಕಡೆ ಸ್ಟೂಲು ಇಡಿ. ಕೈಗವಸು ಹಾಕಿ ಹಳೆ ಪತ್ರಿಕೆಯಿಂದ ಒತ್ತಿ ಹೀರಿಸಿ, ಮಲವಾದರೆ ಪೂರ್ತಿ ಎತ್ತಿ ಚೀಲಕ್ಕೆ ಹಾಕಿ ಕಟ್ಟಿ. ಆಮೇಲೆ ಸೋಪಿನ ನೀರಿನಲ್ಲಿ ತೊಳೆದು ಒರೆಸಿ. ಕೊನೆಗೆ ಬ್ಲೀಚಿಂಗ್ ಪುಡಿಯ ನೀರು: ಸುಮಾರು ಶೇ 33ರಷ್ಟು ಕ್ಲೋರಿನ್ ಇರುವ ಹೊಸ ಪುಡಿ 15 ಗ್ರಾಂ, ನೀರು 5 ಲೀಟರ್. ತಿಳಿಯಾದ ನೀರನ್ನು ನೆಲದ ಮೇಲೆ 10 ನಿಮಿಷ ಬಿಟ್ಟು ಶುದ್ಧ ನೀರಿನಲ್ಲಿ ಒರೆಸಬೇಕು. ಕೊಳೆ ಇದ್ದಲ್ಲಿ ಕ್ಲೋರಿನ್ ಶಕ್ತಿಯೆಲ್ಲ ಕೊಳೆಗೇ ಖರ್ಚಾಗುತ್ತದೆ, ಅದಕ್ಕೇ ಸೋಪು ಮೊದಲು. ಮೂತ್ರದ ಮೇಲೆ ನೇರವಾಗಿ ಬ್ಲೀಚಿಂಗ್ ಹಾಕಿದರೆ ಕಣ್ಣು, ಗಂಟಲು ಉರಿಸುವ ಅನಿಲ ಏಳುತ್ತದೆ. ಶೌಚಾಲಯ ತೊಳೆಯುವ ಆಸಿಡ್ ಜೊತೆ ಬೆರೆಸಿದರೆ ಇನ್ನೂ ಅಪಾಯ, ಮುಚ್ಚಿದ ಕೋಣೆಯಲ್ಲಿ ಪ್ರಾಣಕ್ಕೇ ಸಂಚಕಾರ. ಇನ್ನೊಂದು ಮಾತು: ನಮ್ಮ ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಬ್ಲೀಚಿಂಗ್ ಪುಡಿ ಬೇಗ ಸತ್ವ ಕಳೆದುಕೊಳ್ಳುತ್ತದೆ. ಚಿಕ್ಕ ಪೊಟ್ಟಣ ತಂದು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಗಂಟುಗಟ್ಟಿ ವಾಸನೆ ಹೋದ ಪುಡಿ ಸುಣ್ಣಕ್ಕಿಂತ ಹೆಚ್ಚೇನಲ್ಲ.

ಮೂತ್ರವನ್ನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳಲು ಕಾರಣ ಇಲಿಜ್ವರ. ಅದನ್ನು ತರುವ ಲೆಪ್ಟೊಸ್ಪೈರಾ ರೋಗಾಣು ಇಲಿಯಿಂದ ಮಾತ್ರ ಬರುತ್ತದೆಂಬ ನಂಬಿಕೆಯಿದೆ. ಸೋಂಕು ತಗುಲಿದ ನಾಯಿಯ ಮೂತ್ರದಲ್ಲೂ ಅದು ಹೊರಬರುತ್ತದೆ, ನಾಯಿ ನೋಡಲು ಆರೋಗ್ಯವಾಗಿದ್ದಾಗಲೂ. ಒಣಗಿದರೆ ಸಾಯುತ್ತದೆ, ತೇವದಲ್ಲಿ ಬದುಕುತ್ತದೆ, ಒಡೆದ ಚರ್ಮದ ಮೂಲಕ ಒಳಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಒಣಗದ ನೆಲ, ಚಪ್ಪಲಿ ಹೊರಗೆ ಬಿಡಿಸುವ ಅಂಗಡಿ, ಗದ್ದೆ–ತೋಟದ ಕೆಲಸದಲ್ಲಿ ಬಿರಿದ ಹಿಮ್ಮಡಿ, ಈ ಮೂರೂ ಕೂಡುವ ಊರು ನಮ್ಮದು. ನಾಯಿಗೆ ಪ್ರತಿವರ್ಷ ಹಾಕಿಸುವ ಸಂಯುಕ್ತ ಲಸಿಕೆಯಲ್ಲಿ ಲೆಪ್ಟೊ ಅಂಶ ಇದೆಯೇ ಎಂದು ಕಾರ್ಡಿನಲ್ಲಿ ನೋಡಿಕೊಳ್ಳಿ. ಇದ್ದರೂ ರೋಗಾಣುವಿನ ಎಲ್ಲ ಬಗೆಗಳಿಗೆ ಅದು ರಕ್ಷೆಯಲ್ಲ.

ಉಣುಗಿನ ವಿಷಯದಲ್ಲಿ ಹೆದರಿಕೆ ಹೆಚ್ಚು, ತಿಳಿವಳಿಕೆ ಕಡಿಮೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ನಮ್ಮ ಸಿದ್ದಾಪುರ, ಹೊನ್ನಾವರದ ಕಡೆ ಜೀವಗಳನ್ನು ತೆಗೆದಿದೆ. ಹಾಗಾಗಿ ನಾಯಿಯ ಮೈಮೇಲೆ ಉಣುಗು ಕಂಡರೆ ಜನ ಗಾಬರಿಯಾಗುತ್ತಾರೆ. ಮಂಗನ ಕಾಯಿಲೆ ಹರಡುವುದು ಮುಖ್ಯವಾಗಿ ಕಾಡಿನ ಉಣುಗಿನ ಮರಿಗಳಿಂದ. ಮನೆ ನಾಯಿಯ ಕಿವಿಯಲ್ಲಿ ಸಾಮಾನ್ಯವಾಗಿ ಸಿಗುವ ಕಂದು ಉಣುಗು ಬೇರೆ ಜಾತಿಯದು. ಆದರೆ ಈ ಕಂದು ಉಣುಗಿಗೆ ಕಟ್ಟಡದೊಳಗೇ ಸಂಸಾರ ಹೂಡುವ ಗುಣವಿದೆ. ರಕ್ತ ಹೀರಿ ಹೊಟ್ಟೆ ತುಂಬಿದ ಹೆಣ್ಣು ಉಣುಗು ನಾಯಿಯ ಮೈಯಿಂದ ಉದುರಿ, ಗೋಡೆ ಹತ್ತಿ, ಬಿರುಕಿನಲ್ಲೋ ಕಪಾಟಿನ ಹಿಂದೆಯೋ ಸಾವಿರಾರು ಮೊಟ್ಟೆ ಇಡುತ್ತದೆ. ಮನೆಯಾದರೆ ಔಷಧ ಸಿಂಪಡಿಸಬಹುದು. ಅಕ್ಕಿ, ಬೇಳೆ ತುಂಬಿದ ಮಳಿಗೆಯಲ್ಲಿ ಆ ಔಷಧವನ್ನು ಎಲ್ಲಿ ಸಿಂಪಡಿಸುವುದು? ಸೊಪ್ಪಿನ ಬೆಟ್ಟ ಸುತ್ತಿ ಬಂದ ನಾಯಿಯ ಮೇಲಂತೂ ಕಾಡಿನ ಉಣುಗೂ ಇರಬಹುದು, ನವೆಂಬರ್‌ನಿಂದ ಮೇ ತನಕ ವಿಶೇಷವಾಗಿ. ಕಿವಿಯ ಒಳಗೆ, ಬೆರಳುಗಳ ಸಂದಿನಲ್ಲಿ, ಕುತ್ತಿಗೆಪಟ್ಟಿಯ ಅಡಿಯಲ್ಲಿ ದಿನವೂ ನೋಡಬೇಕು. ವೈದ್ಯರ ಸಲಹೆಯ ಮೇಲೆ ಕೊಡುವ ಫ್ಲುರಲಾನರ್ ಮಾತ್ರೆ ಒಂದಕ್ಕೆ ಸುಮಾರು 12 ವಾರ ರಕ್ಷೆ ಕೊಡುತ್ತದೆ. ನಾಯಿಗೆ ಹಾಕುವ ಪರ್ಮೆಥ್ರಿನ್ ಇರುವ ಔಷಧವನ್ನು ಬೆಕ್ಕಿಗೆ ಹಾಕಿದರೆ ಬೆಕ್ಕು ಸಾಯುತ್ತದೆ. ಎರಡನ್ನೂ ಸಾಕಿದವರು ಇದನ್ನು ಮರೆಯಬಾರದು.

ಇನ್ನು ಕಚ್ಚುವುದು. ನಮ್ಮ ಮಳಿಗೆಗಳ ಸಾಲುಗಳ ನಡುವಿನ ಜಾಗ ಅನೇಕ ಕಡೆ ಒಂದು ಮೀಟರ್ ಕೂಡ ಇರುವುದಿಲ್ಲ. ಎದುರಿನಿಂದ ತಳ್ಳುಗಾಡಿ ಬಂದರೆ ನಾಯಿಗೆ ಸರಿಯಲು ಎಡೆಯಿಲ್ಲ, ನುಣುಪು ಟೈಲ್ಸಿನ ಮೇಲೆ ಉಗುರು ನಿಲ್ಲುವುದಿಲ್ಲ, ಹಗ್ಗ ಬಿಗಿಯಾದಷ್ಟೂ ಭಯ ಹೆಚ್ಚುತ್ತದೆ. ನಾಯಿ ಮುನ್ಸೂಚನೆ ಕೊಡದೆ ಕಚ್ಚುವುದು ಅಪರೂಪ. ತುಟಿ ನೆಕ್ಕಿಕೊಳ್ಳುವುದು, ನಿದ್ದೆಯಿಲ್ಲದೆಯೂ ಆಕಳಿಸುವುದು, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರುವುದು, ಮೈ ಸೆಟೆಸಿ ನಿಲ್ಲುವುದು ಎಲ್ಲವೂ ‘ನನ್ನನ್ನು ಇಲ್ಲಿಂದ ಕರೆದೊಯ್ಯಿ’ ಎಂಬ ಮಾತು. ಸಾಕಿದವರ ಕಣ್ಣು ಆಗ ಬೆಲೆಪಟ್ಟಿಯ ಮೇಲಿರುತ್ತದೆ. ನಾಯಿಯ ಬಾಯಿಯ ಎತ್ತರಕ್ಕೆ ಸರಿಯಾಗಿ ಇರುವುದು ಮೂರು–ನಾಲ್ಕು ವರ್ಷದ ಮಗುವಿನ ಮುಖ. ‘ಎತ್ತಿಕೊಂಡಿದ್ದೇವಲ್ಲ’ ಎಂಬ ಸಮಾಧಾನವೂ ಸರಿಯಲ್ಲ. ತೋಳಿನಲ್ಲಿರುವ ಷಿಟ್ಸು, ಪಗ್ಗುಗಳ ಕೂದಲು ತೆರೆದ ಬುಟ್ಟಿಗೆ ಬೀಳುತ್ತದೆ, ಹಣ ಪಡೆಯುವವರ ಮುಖಕ್ಕೂ ಅದರ ಹಲ್ಲಿಗೂ ಅಂತರ ಇಷ್ಟೇ. ಇನ್ನು ತಳ್ಳುಗಾಡಿಯಲ್ಲಿ ಕೂರಿಸಿದರೆ ಅದೇ ಜಾಗದಲ್ಲಿ ಮುಂದಿನವರು ಬಸಳೆ, ಹರಿವೆ ಇಡುತ್ತಾರೆ.

ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ಗಡಿಯಾರ ನೋಡಿಕೊಂಡು ತೊಳೆಯಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ರೇಬಿಸ್ ವೈರಸ್ಸನ್ನು ಗಾಯದಲ್ಲೇ ತೊಳೆದು ತೆಗೆಯುವ ಅವಕಾಶವನ್ನು ಅವು ಹಾಳು ಮಾಡುತ್ತವೆ. ರಕ್ತ ಬಾರದ ಪರಚುಗಾಯಕ್ಕೂ ಲಸಿಕೆ ಬೇಕು. ರಕ್ತ ಬಂದಿದ್ದರೆ, ಗಾಯವನ್ನೋ ಕಣ್ಣು–ಬಾಯಿಯನ್ನೋ ನೆಕ್ಕಿದ್ದರೆ, ಲಸಿಕೆಯ ಜೊತೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ (ರೋಗ ತಡೆಯುವ ಸಿದ್ಧ ಪ್ರತಿಕಾಯ) ಚುಚ್ಚುಮದ್ದೂ ಬೇಕು. ಚರ್ಮದೊಳಗೆ ಕೊಡುವ ಲಸಿಕೆ 0, 3, 7 ಮತ್ತು 28ನೇ ದಿನ. ನಡುವೆ ಬಿಡಬಾರದು. ಕಚ್ಚಿದ ನಾಯಿಯನ್ನು 10 ದಿನ ಕಣ್ಣಿಟ್ಟು ನೋಡಬೇಕು, ತೊಡಕು ಬರುವುದು ಇಲ್ಲೇ. ಪ್ರವಾಸಕ್ಕೆ ಬಂದವರು ಕ್ಷಮೆ ಕೇಳಿ, ಒಂದಿಷ್ಟು ಹಣ ಕೊಟ್ಟು ಹೆದ್ದಾರಿ ಹಿಡಿದರೆ ಆ ನಾಯಿಯನ್ನು ನೋಡುವುದೆಲ್ಲಿ? ಅಂಗಡಿಯವರು ಆ ಕ್ಷಣವೇ ದೂರವಾಣಿ ಸಂಖ್ಯೆ, ವಾಹನ ಸಂಖ್ಯೆ ಬರೆದುಕೊಳ್ಳಬೇಕು, ಲಸಿಕೆ ಕಾರ್ಡಿನ ಫೋಟೊ ತೆಗೆದುಕೊಳ್ಳಬೇಕು. ಕಾರ್ಡು ಸರಿಯಿದ್ದರೂ ಗಾಯಾಳು ಸರ್ಕಾರಿ ಆಸ್ಪತ್ರೆಗೆ ಹೋಗಿಯೇ ಹೋಗಬೇಕು.

ಮಳಿಗೆಯೊಳಗೆ ನಾಯಿಯ ಜೀವಕ್ಕೇ ಕುತ್ತಾಗುವ ವಸ್ತುವೂ ಇದೆ, ಕಪಾಟಿನ ಅಡಿಗೆ ಇಟ್ಟ ಇಲಿ ಪಾಷಾಣ. ಬ್ರೊಮಾಡಿಯೊಲೋನ್ ಬಿಲ್ಲೆ ತಿಂದ ನಾಯಿ ಆ ದಿನ ಚೆನ್ನಾಗಿಯೇ ಇರುತ್ತದೆ. ಮೂರರಿಂದ ಐದು ದಿನದ ಹೊತ್ತಿಗೆ ವಸಡು ಬಿಳಿಚಿ, ಒಳಗೊಳಗೇ ರಕ್ತ ಸೋರುತ್ತದೆ. ಬೇಗ ಬಂದರೆ ವಿಟಮಿನ್ ಕೆ1ನಿಂದ ಉಳಿಸಬಹುದು, ಚಿಕಿತ್ಸೆ ವಾರಗಟ್ಟಲೆ ನಡೆಯಬೇಕು. ಜಿಂಕ್ ಫಾಸ್ಫೈಡ್ ಆದರೆ ಕೈಯಲ್ಲಿರುವುದು ಕೆಲವೇ ಗಂಟೆ. ಆಗ ಹಾಲು, ಅನ್ನ ಏನೂ ಕೊಡಬೇಡಿ. ತಿಂದಷ್ಟೂ ಹೊಟ್ಟೆಯ ಆಮ್ಲ ಹೆಚ್ಚಿ ವಿಷಾನಿಲ ಹೆಚ್ಚುತ್ತದೆ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ, ಪೊಟ್ಟಣ ತಂದು ತೋರಿಸಿ.

ಪಾಷಾಣದ ಮಾತು ಬಂದಾಗ ಅಂಗಡಿಯ ಬೆಕ್ಕಿನ ಬಗ್ಗೆಯೂ ಹೇಳಬೇಕು. ಗಿರಾಕಿಯ ನಾಯಿಗೆ ನಿಯಮ ತೋರಿಸುವ ಅಂಗಡಿಯಲ್ಲಿ ತನ್ನದೇ ಬೆಕ್ಕು ಬೇಳೆ ಚೀಲದ ಮೇಲೆ ಮಲಗಿರುವುದು ನ್ಯಾಯವಲ್ಲ. 4ನೇ ಅನುಸೂಚಿ ಅದಕ್ಕೂ ಅನ್ವಯಿಸುತ್ತದೆ. ಇಲಿ ತಡೆಯಲು ಬೆಕ್ಕಿಗಿಂತ ಕಬ್ಬಿಣದ ಜಾಲರಿ ಮೇಲು. ಸುಂಡಿಲಿಗೆ 6 ಮಿಲಿಮೀಟರ್ ಸಂದು ಸಾಕು. ಷಟರಿನ ಕೆಳಅಂಚಿಗೆ ಗಟ್ಟಿ ರಬ್ಬರ್ ಪಟ್ಟಿಯ ಮೇಲೆ ತಗಡು ಹೊಡೆಸಿ, ಚರಂಡಿಯ ಬಾಯಿಗೆ ಜಾಲರಿ ಹಾಕಿ, ವಿದ್ಯುತ್ ಪೈಪು ಗೋಡೆ ಹೊಕ್ಕ ತೂತನ್ನು ಸಿಮೆಂಟಿನಲ್ಲಿ ಮುಚ್ಚಿ. ಬೆಕ್ಕನ್ನು ಓಡಿಸಬೇಕಿಲ್ಲ, ಮನೆಗೆ ಒಯ್ದು ಸಾಕಿ.

ಈಗ ಅತ್ಯಂತ ಮುಖ್ಯವಾದ ಮಾತು. ‘ಒಳಗೆ ಬಿಡುವುದಿಲ್ಲ’ ಎಂದಾಕ್ಷಣ ಜನ ನಾಯಿಯನ್ನು ಕಾರಿನಲ್ಲಿ ಬಿಟ್ಟು ಬರುತ್ತಾರೆ. ಇದು ಅಂಗಡಿಯೊಳಗೆ ತರುವುದಕ್ಕಿಂತ ನೂರು ಪಾಲು ಕೆಟ್ಟದ್ದು. ಹೊರಗೆ 30 ಡಿಗ್ರಿ ಇದ್ದರೆ ಬಿಸಿಲಲ್ಲಿ ನಿಂತ ಮುಚ್ಚಿದ ಕಾರಿನೊಳಗೆ ಹತ್ತು ನಿಮಿಷಕ್ಕೆ 40ರ ಆಸುಪಾಸು, ಅರ್ಧ ಗಂಟೆಗೆ 50ರ ಹತ್ತಿರ. ಗಾಜನ್ನು ಎರಡು ಬೆರಳು ಇಳಿಸಿದರೆ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ನಾಯಿಯ ಸಹಜ ಮೈಶಾಖ 38.3ರಿಂದ 39.2 ಡಿಗ್ರಿ, 41 ದಾಟಿದರೆ ಒಳಾಂಗಗಳಿಗೆ ಪೆಟ್ಟು. ಪಾದದಡಿ ಬಿಟ್ಟರೆ ಅದಕ್ಕೆ ಬೆವರಿಲ್ಲ, ತೇಕಿ ನಾಲಿಗೆಯ ತೇವ ಆರಿಸಿಯೇ ಮೈ ತಣಿಸಿಕೊಳ್ಳಬೇಕು. ಕರಾವಳಿಯ ಗಾಳಿಯಲ್ಲೇ ತೇವ ತುಂಬಿರುವಾಗ ಆ ತೇವ ಆರುವುದೂ ಇಲ್ಲ. ಹಾಗಾಗಿ ಅಷ್ಟೇ ಬಿಸಿಲಿನಲ್ಲಿ ಹುಬ್ಬಳ್ಳಿಗಿಂತ ಕಾರವಾರದಲ್ಲಿ ನಾಯಿ ಬೇಗ ಸೋಲುತ್ತದೆ. ಮೊಂಡು ಮೂಗಿನ ಪಗ್, ಷಿಟ್ಸು, ಬುಲ್‌ಡಾಗ್‌ಗಳು ಎಲ್ಲಕ್ಕಿಂತ ಮೊದಲು. ದೇವಿಮನೆ ಘಟ್ಟವೋ ಅರಬೈಲು ಘಟ್ಟವೋ ಇಳಿಯುವಾಗ ತಿರುವುಗಳಿಗೆ ವಾಂತಿ ಮಾಡಿಕೊಂಡು ನೀರಿನಂಶ ಕಳೆದುಕೊಂಡ ನಾಯಿಯಂತೂ ಕುಮಟಾ, ಅಂಕೋಲೆ ಮುಟ್ಟುವ ಹೊತ್ತಿಗೇ ಅರ್ಧ ಬಳಲಿರುತ್ತದೆ.

ನಾಲಿಗೆ ಕಡುಗೆಂಪಾಗಿ, ಜೊಲ್ಲು ಅಂಟಂಟಾಗಿ, ನಾಯಿ ತೂರಾಡುತ್ತಿದ್ದರೆ ನೆರಳಿಗೆ ತಂದು ಮೊದಲು ತಣಿಸಿ, ಆಮೇಲೆ ಆಸ್ಪತ್ರೆಗೆ ಹೊರಡಿ. ನಲ್ಲಿ ನೀರನ್ನು ಹೊಟ್ಟೆ, ತೊಡೆಸಂದು, ಪಾದಗಳ ಮೇಲೆ ಸುರಿಯುತ್ತ ರಟ್ಟಿನಿಂದ ಗಾಳಿ ಹಾಕಿ. ಒದ್ದೆ ಟವೆಲ್ ಹೊದಿಸಿಡಬೇಡಿ, ಅದು ಶಾಖ ಹೊರಹೋಗದಂತೆ ತಡೆಯುತ್ತದೆ. ಪ್ರಜ್ಞೆ ಸರಿಯಿಲ್ಲದಾಗ ಬಾಯಿಗೆ ನೀರು ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಸಾಮಾನಿಗೆ ಹೊರಟಾಗ ನಾಯಿಯನ್ನು ಮನೆಯಲ್ಲೇ ಬಿಡುವುದು ಉತ್ತಮ. ಪ್ರವಾಸದಲ್ಲಿದ್ದರೆ ಒಬ್ಬರು ನೆರಳಲ್ಲಿ ನಾಯಿಯ ಜೊತೆ ನಿಲ್ಲಿ, ಒಬ್ಬರು ಒಳಗೆ ಹೋಗಿ. ಒಬ್ಬರೇ ಇದ್ದರೆ ಅಂಗಡಿಯವರು ನೆರವಾಗಬೇಕು: ಬಾಗಿಲಲ್ಲೇ ಚೀಟಿ ಪಡೆದು ಸಾಮಾನು ವಾಹನಕ್ಕೆ ತಂದುಕೊಡುವುದು ಅವರಿಗೆ ಕಷ್ಟವಲ್ಲ, ಹಳೆಯ ಪದ್ಧತಿಯೇ ಅದು. ಜಾಗವಿರುವ ಮಳಿಗೆಗಳು ಉತ್ತರದ ಅಥವಾ ಪೂರ್ವದ ಗೋಡೆಗೆ ಚಾವಣಿ ಇಳಿಸಿ ಎರಡು ಕಬ್ಬಿಣದ ಬಳೆ ಹಾಕಿಸಬಹುದು. ಬಳೆ ನೆಲದಿಂದ 45 ಸೆಂಟಿಮೀಟರ್ ಎತ್ತರದಲ್ಲಿರಲಿ. ಮೇಲಾದರೆ ನಾಯಿ ಹಾರಿದಾಗ ಕುತ್ತಿಗೆಗೆ ಉರುಳು, ಕೆಳಗಾದರೆ ಕಾಲಿಗೆ ಸುತ್ತು. ಕೊಕ್ಕೆ ತಿರುಗುವಂಥದ್ದಾಗಿರಬೇಕು, ಹಗ್ಗ ಒಂದು ಮೀಟರ್, ಎರಡು ಬಳೆಗಳ ನಡುವೆ ಕನಿಷ್ಠ ಮೂರೂವರೆ ಮೀಟರ್. ಹಾಗಿದ್ದರೆ ಕಟ್ಟಿದ ಎರಡು ನಾಯಿಗಳು ಒಂದನ್ನೊಂದು ಮುಟ್ಟಲಾರವು. ಎಳೆದರೆ ಬಿಗಿಯುವ ಸರಪಳಿಯಲ್ಲಿ ಎಂದೂ ಕಟ್ಟಬಾರದು. ಸ್ಕೂಟರಿಗೋ ಪ್ಲಾಸ್ಟಿಕ್ ಕುರ್ಚಿಗೋ ಕಟ್ಟಿದರೆ ಅದನ್ನೂ ಎಳೆದುಕೊಂಡು ರಸ್ತೆಗೆ ಓಡುತ್ತದೆ. ನೀರಿನ ಬಟ್ಟಲು ನಿಮ್ಮದೇ ತನ್ನಿ. ಹತ್ತು ನಾಯಿ ಕುಡಿದ ಬಟ್ಟಲಿನಿಂದ ಕೆಮ್ಮು ಹರಡುತ್ತದೆ. ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು, ಕಣ್ಣಿಗೆ ಕಾಣದಂತೆ ಬಿಡಬೇಡಿ. ಬೀದಿನಾಯಿಗಳು ಮುತ್ತಿದರೆ ಕಟ್ಟಿದ ನಾಯಿಗೆ ಓಡಲು ಆಗುವುದಿಲ್ಲ.

ಬಟ್ಟೆ, ಹಾರ್ಡ್‌ವೇರ್, ಮೊಬೈಲ್ ಅಂಗಡಿಗಳಿಗೆ ಆಹಾರದ ಕಾನೂನು ತಾಗದು. ಅಲ್ಲಿ ಮಾಲೀಕರ ಒಪ್ಪಿಗೆಯೇ ನಿಯಮ. ಬಿಳಿ ಹಾಸಿನ ಮೇಲೆ ಸೀರೆ ಹರವಿ ತೋರಿಸುವ ಅಂಗಡಿಗೆ ನಾಯಿ ತರಬಾರದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಅಂಧರಿಗೆ ದಾರಿ ತೋರಲು ತರಬೇತಾದ ನಾಯಿಯ ಮಾತು ಬೇರೆ. ಅದು ಸಾಕುಪ್ರಾಣಿಯಲ್ಲ, ಆ ವ್ಯಕ್ತಿಯ ಕಣ್ಣು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತಾರತಮ್ಯ ಕೂಡದೆನ್ನುತ್ತದೆ, ಬಾಗಿಲಲ್ಲಿ ತಡೆಯುವುದು ಸರಿಯಲ್ಲ ಎಂದು ನನ್ನ ದೃಢ ಅಭಿಪ್ರಾಯ. ಸಿಬ್ಬಂದಿಯೊಬ್ಬರು ಜೊತೆಗೆ ನಡೆದು, ತೆರೆದ ಚೀಲಗಳ ಕಡೆ ಹೋಗದಂತೆ ಪೊಟ್ಟಣಗಳ ಸಾಲಿನಲ್ಲಿ ಕರೆದೊಯ್ಯಲಿ. ನಾಯಿಯನ್ನು ಮಾತಾಡಿಸುವುದು, ಅದರ ಹಿಡಿಕೆ ಮುಟ್ಟುವುದು ಬೇಡ.

ಕಡೆಗೆ ಫಲಕದ ವಿಷಯ. ಗಾಜಿನ ಬಾಗಿಲಿಗೆ ಅಂಟಿಸಿದ ಚೀಟಿ ಬಾಗಿಲು ತೆರೆದಾಗ ಯಾರಿಗೂ ಕಾಣುವುದಿಲ್ಲ. ನಾಯಿಯೊಂದಿಗೆ ಬಾಗಿಲ ತನಕ ಬಂದವರನ್ನು ಹಿಂದೆ ಕಳಿಸಿದರೆ ಅವರು ಸೀದಾ ಕಾರಿನತ್ತ ಹೋಗುತ್ತಾರೆ. ಫಲಕ ವಾಹನ ನಿಲ್ಲಿಸುವ ಜಾಗದಲ್ಲಿರಲಿ. ಪ್ರವಾಸಿಗರೂ ಓದುವಂತೆ ಕನ್ನಡದ ಕೆಳಗೆ ಇಂಗ್ಲಿಷಿನಲ್ಲೂ ಇರಲಿ. ಬರೆಯಬೇಕಾದ್ದು ಇಷ್ಟು: ‘ಇದು ಆಹಾರ ಪದಾರ್ಥಗಳ ಮಳಿಗೆ, ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ. ಮಾರ್ಗದರ್ಶಿ ನಾಯಿಗೆ ಅವಕಾಶವಿದೆ. ದಯವಿಟ್ಟು ಕಾರಿನೊಳಗೆ ಪ್ರಾಣಿಯನ್ನು ಬಿಟ್ಟು ಬರಬೇಡಿ. ಈ ಸಂಖ್ಯೆಗೆ ಕರೆ ಮಾಡಿ, ಸಾಮಾನು ಇಲ್ಲಿಗೇ ತಂದುಕೊಡುತ್ತೇವೆ.’ ಕೆಳಗೆ ಅಂಗಡಿಯ ಸಂಖ್ಯೆ ದೊಡ್ಡ ಅಕ್ಷರದಲ್ಲಿರಲಿ, ಕರೆ ಬಂದಾಗ ಎತ್ತಲು ಒಬ್ಬರು ಇರಲಿ.

— ಪಶುವೈದ್ಯರೊಬ್ಬರು, ಶಿರಸಿ